ಉರಿದರೆ ತೊಳೆದುಬಿಡು

ಮಾರ್ಚ್ ೯, ಸೋಮವಾರ
ಪಾರ್ಲರಿನಿಂದ

ಪ್ರೀತಿಯ ಪುಟ್ಟಿ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಕೂತೆ, ಅಲ್ಲೇ ಪೆನ್ನು ನಿಂತಿತು. ನಾನೇನೋ ಚೆನ್ನಾಗಿದ್ದೇನೆ. ನಿನ್ನ ಭಾವ ಎಂದಿನಂತೆ ತಮ್ಮ ಲಾರಿ, ತಮ್ಮ ರೇಡಿಯೋ, ತಮ್ಮ ನಿದ್ದೆ ಎಂದುಕೊಂಡು ಚೆನ್ನಾಗಿದ್ದಾರೆ. ಮಿಕ್ಕ ವಿಷಯ ಮುಂದೆ ಬರುತ್ತದೆ. ನಿನ್ನ ಅಭ್ಯಾಸದಂತೆ ನಡುವಿನದನ್ನೆಲ್ಲ ಬಿಟ್ಟು ಕೊನೆಯ ಹಾಳೆಗೆ ಹಾರಬೇಡ.

ನಿನ್ನ ಮೆಸೇಜುಗಳಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ. ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಬೇಕೆಂದು ಸುಮ್ಮನಿದ್ದದ್ದಲ್ಲ. ಪ್ರತಿ ಸಲ ಫೋನ್ ಕೈಗೆತ್ತಿಕೊಂಡು ಹಾಗೇ ಕೆಳಗಿಟ್ಟೆ. ಫೋನಿನಲ್ಲಿ ಮಾತಾಡಿದರೆ ನಾನು ಕಿರುಚುತ್ತೇನೆ, ನೀನು ಅಳುತ್ತೀಯ, ಹೇಳಬೇಕಾದದ್ದು ನಡುವೆ ಎಲ್ಲೋ ಬಿದ್ದುಹೋಗುತ್ತದೆ. ಅದಕ್ಕೇ ಕಾಗದ. ಅಕ್ಷರ ನೋಡಿ ನಗಬೇಡ, ಬಾಚಣಿಗೆ ಹಿಡಿಯುವ ಕೈಗೆ ಪೆನ್ನು ಹಿಡಿದು ಎಷ್ಟೋ ಕಾಲವಾಯಿತು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಮ್ಮ ನಿನ್ನ ಮದುವೆಗೆ ಬರುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ. ಮಂಡಿ ನೋವು ಜಾಸ್ತಿಯಾಗಿದೆ, ಪ್ರಯಾಣ ಆಗುವುದಿಲ್ಲ ಎಂದು ನಿನಗೆ ತಿಳಿಸಬೇಕೆಂದು ನನಗೆ ಅಪ್ಪಣೆಯಾಗಿದೆ. ಅವಳ ಮಂಡಿ ಗಟ್ಟಿಮುಟ್ಟಾಗಿದೆ. ಈಗಲೂ ಮನೆಯ ಬಾಗಿಲಿಗೂ ಗೇಟಿಗೂ ನಡುವೆ ಓಡಾಡುತ್ತಿದ್ದಾಳೆ, ಯಾರೋ ಬರಬೇಕಾದವರು ಬಂದಿಲ್ಲ ಎಂಬಂತೆ. ನಾನು ಸುಳ್ಳು ಬರೆಯುವುದಿಲ್ಲ. ಅವಳನ್ನು ಹೊರಡಿಸುವುದು ನನ್ನ ಕೈಯಲ್ಲಿ ಆಗಲಿಲ್ಲ, ಅದು ನಿನ್ನಿಂದ ಮಾತ್ರ ಆಗುವ ಕೆಲಸ. ಆದರೆ ಮೊದಲು ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಯಾಕೆಂದರೆ ಅಲ್ಲಿಂದ ಹೊರಟರೇ ಇದು ಅರ್ಥವಾಗುವುದು.

ನೀನು ಕೇಳಿದ್ದು ಇಷ್ಟು. ಮದುವೆಗೆ ಮುಂಚೆ ಗುಂಗುರು ಕೂದಲನ್ನು ನೇರ ಮಾಡಿಕೊಳ್ಳಬೇಕು, ಯಾವ ರಿಲ್ಯಾಕ್ಸರ್ ಕ್ರೀಮು ಒಳ್ಳೆಯದು, ಹಿಂದಿನ ದಿನ ಮನೆಯಲ್ಲೇ ಹಚ್ಚಿಕೊಂಡರೆ ಸಾಕಾ ಎಂದು. ಸಾಕು ತಾಯಿ, ರಿಜಿಸ್ಟ್ರಾರರ ಮುಂದೆ ತಲೆ ಕೆರೆದುಕೊಳ್ಳುತ್ತಾ ಸಹಿ ಹಾಕುವ ಆಸೆಯಿದ್ದರೆ ಅಷ್ಟು ಸಾಕು.

ಒಳ್ಳೆಯ ರಿಲ್ಯಾಕ್ಸರ್ ಅಂತ ಒಂದಿಲ್ಲ ಪುಟ್ಟಿ. ಯಾರ ತಲೆಗೆ ಯಾವುದು ಕಡಿಮೆ ಕೆಟ್ಟದ್ದು ಎಂದು ನೋಡಬೇಕು, ಅಷ್ಟೇ. ಕೂದಲಿನ ಒಳಗಿನ ಕಟ್ಟು ಬಿಚ್ಚಿದರೇ ಸುರುಳಿ ಹೋಗುವುದು, ಆ ಕಟ್ಟನ್ನು ಬಿಚ್ಚುವ ಮದ್ದು ಚರ್ಮಕ್ಕೆ ಸಿಕ್ಕರೆ ಚರ್ಮವನ್ನೂ ಬಿಡುವುದಿಲ್ಲ. ನೀನು ಫೋಟೋ ಕಳಿಸಿದ ಡಬ್ಬಿಯ ಮೇಲೆ "ಲೈ ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆದಿದೆಯಲ್ಲ, ಅದನ್ನು ನೋಡಿ ಮರುಳಾಗಿದ್ದೀಯ. ಲೈ ಎಂದರೆ ಕಟ್ಟಿಕೊಂಡ ಚರಂಡಿಗೆ ಸುರಿಯುವ ಕಾಸ್ಟಿಕ್ ಸೋಡಾ. ಅದಿಲ್ಲ ಅಂದಮಾತ್ರಕ್ಕೆ ಒಳಗೆ ಹಾಲು ಮೊಸರು ತುಂಬಿದ್ದಾರೆ ಎಂದುಕೊಳ್ಳಬೇಡ. ಅದರ ತಮ್ಮನೋ ತಂಗಿಯೋ ಒಳಗೆ ಕೂತಿರುತ್ತದೆ. ಉರಿ ಕೊಂಚ ಕಡಿಮೆ, ಕೂದಲು ಒಣಗಿ ಹುಲ್ಲಾಗುವುದು ಕೊಂಚ ಜಾಸ್ತಿ. ಚರ್ಮ ಸುಡುವ ವಿಷಯದಲ್ಲಿ ಇಬ್ಬರೂ ಒಂದೇ ಮನೆಯವರು.

ಇನ್ನೊಂದು ಜಾತಿಯಿದೆ. ಕೊಳೆತ ಮೊಟ್ಟೆಯ ವಾಸನೆ ಬರುವಂಥದ್ದು. ಸ್ಟ್ರೇಟ್ನಿಂಗ್, ರೀಬಾಂಡಿಂಗ್ ಎಂದು ಪಾರ್ಲರುಗಳಲ್ಲಿ ಮಾಡುವುದು ಹೆಚ್ಚಾಗಿ ಅದರಿಂದಲೇ. ಈ ಜಾತಿಗೂ ನಿನ್ನ ಡಬ್ಬಿಗೂ ಎಣ್ಣೆ ಸೀಗೆಕಾಯಿ. ಒಂದನ್ನು ಕಂಡ ಕೂದಲಿಗೆ ಇನ್ನೊಂದನ್ನು ಹಚ್ಚಿದರೆ ಬಾಚಣಿಗೆ ಇಟ್ಟಲ್ಲೇ ತುಂಡಾಗಿ ಕೈಗೆ ಬರುತ್ತದೆ. ಹೋದ ವರ್ಷ ನೀನು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಯ ಕೆಳಗಿರುವ ಪಾರ್ಲರಿನಲ್ಲಿ ಏನೋ ಮಾಡಿಸಿಕೊಂಡೆಯಲ್ಲ, ಅದು ಯಾವುದು ಎಂದು ಅವರನ್ನು ಕೇಳಿ ತಿಳಿದುಕೋ. ಗೊತ್ತಿಲ್ಲ ಎಂದರೆ ಗೊತ್ತಿಲ್ಲದವರ ಕೈಗೆ ಮತ್ತೆ ತಲೆ ಕೊಡಬೇಡ. ಅದರ ಮೇಲೆ ಆ ದ್ರಾಕ್ಷಿ ಬಣ್ಣ ಬೇರೆ ಹಾಕಿಸಿಕೊಂಡಿದ್ದೀಯ. ಬಣ್ಣ ಕುಡಿದ ಕೂದಲು ಮೊದಲೇ ಸೋತಿರುತ್ತದೆ.

ಇರು, ಹುಬ್ಬು ತಿದ್ದಿಸಿಕೊಳ್ಳಲು ಒಬ್ಬರು ಬಂದರು.

ಬಂದೆ. ಬಂದವರು ಪಕ್ಕದ ದರ್ಜಿಯಂಗಡಿ ಯಾಕೆ ಮುಚ್ಚಿದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತಿದೆ. ಅದನ್ನೂ ಬರೆಯುತ್ತೇನೆ. ಇವತ್ತು ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗಿನಿಂದ ನೆಲ ಗುಡಿಸಿದ್ದೇ ಗುಡಿಸಿದ್ದು, ಕೂದಲು ಬೀಳದ ನೆಲವನ್ನೂ.

ಎಲ್ಲಿದ್ದೆ? ಹೂಂ. ನಮ್ಮ ಮನೆಯ ಕೂದಲು ನೋಡಲು ಕಾಡಿನಂತೆ ಇರುತ್ತದೆ, ಆದರೆ ಒಂದು ಎಳೆ ಬಿಡಿಸಿ ಬೆರಳ ನಡುವೆ ಇಟ್ಟು ನೋಡು, ಇದ್ದದ್ದೇ ಗೊತ್ತಾಗುವುದಿಲ್ಲ. ಅಷ್ಟು ತೆಳು. ಅಂಗಡಿಯವರು ನಿನ್ನ ತಲೆಯ ಗಾತ್ರ ನೋಡಿ ಜೋರಿನ ಡಬ್ಬಿ ಕೊಡುತ್ತಾರೆ. ಎಂದಾದರೂ ಹಚ್ಚುವುದಾದರೆ ಮೆತ್ತನೆಯದನ್ನೇ ಹಚ್ಚಬೇಕು. ಅದಕ್ಕೂ ಮುಂಚೆ ಕಿವಿಯ ಹಿಂದೆ ಕಾಣದ ಕಡೆ ಒಂದು ಎಳೆಗೆ ಹಚ್ಚಿ, ತೊಳೆದು, ಎಳೆದು ನೋಡಬೇಕು. ಹಾಗೆ ನೋಡಿದ ಮೇಲೆ ಎಷ್ಟೋ ಗಿರಾಕಿಗಳನ್ನು ನಾನು ವಾಪಸು ಕಳಿಸಿದ್ದೇನೆ. ಬೈದುಕೊಂಡು ಹೋಗುತ್ತಾರೆ, ಹೋಗಲಿ.

ಒಂದು ತಮಾಷೆ ಕೇಳು. ರಿಲ್ಯಾಕ್ಸರ್‌ಗೆ ಬರುವವರು ಎಲ್ಲರೂ ತಪ್ಪದೆ ಮಾಡುವ ತಪ್ಪು ಒಂದಿದೆ. ಬೆಳಿಗ್ಗೆ ಎದ್ದು ತಲೆಯನ್ನು ಗಸಗಸ ಉಜ್ಜಿ ತೊಳೆದುಕೊಂಡು ಬರುತ್ತಾರೆ. ಕೊಳಕು ತಲೆ ತೋರಿಸುವುದು ಹೇಗೆ ಎಂಬ ಮರ್ಯಾದೆ. ನಮಗೆ ಬೇಕಾದದ್ದೇ ಆ ಜಿಡ್ಡು. ಕೆಲವು ದಿನ ತೊಳೆಯದೆ ಬಿಟ್ಟ ತಲೆಯಲ್ಲಿ ಮೈಯೆಣ್ಣೆ ಒಂದು ಪದರ ಕಟ್ಟಿರುತ್ತದೆ, ಕ್ರೀಮಿಗೂ ಚರ್ಮಕ್ಕೂ ನಡುವೆ ಅದೇ ಕಾವಲು. ಉಗುರು ತಾಗಿ ಕಣ್ಣಿಗೆ ಕಾಣದಷ್ಟು ಗೀರಿದರೂ ಸಾಕು, ಅಲ್ಲಿ ಮದ್ದು ಒಳಗಿಳಿಯುತ್ತದೆ. ಅಷ್ಟಾದರೂ ಹಣೆಯಂಚಿಗೆ, ಕಿವಿಗೆ, ಬೈತಲೆ ತೆಗೆದ ಕಡೆಯೆಲ್ಲ ಪೆಟ್ರೋಲಿಯಂ ಜೆಲ್ಲಿ ಬಳಿದು, ಕೈಗೆ ಗ್ಲೌಸ್ ಹಾಕಿಕೊಂಡೇ ನಾವು ಡಬ್ಬಿ ತೆರೆಯುವುದು. ಹೊಸದಾಗಿ ಬೆಳೆದ ಬುಡದ ಕೂದಲಿಗಷ್ಟೇ ಹಚ್ಚುವುದು, ಹಿಂದೆ ಒಮ್ಮೆ ಹಚ್ಚಿದ ಹಳೆಯದಕ್ಕೆ ಮತ್ತೆ ತಾಗಿಸುವಂತಿಲ್ಲ. ಡಬ್ಬಿಯ ಚೀಟಿಯಲ್ಲಿ ಬರೆದ ಹೊತ್ತಿಗಿಂತ ಒಂದು ಗಳಿಗೆ ಹೆಚ್ಚು ಬಿಡುವಂತಿಲ್ಲ.

ಮತ್ತು ಎಲ್ಲಕ್ಕಿಂತ ದೊಡ್ಡದು, ನಾನು ಕುರ್ಚಿಯಲ್ಲಿ ಕೂತವರಿಗೆಲ್ಲ ಬಾಯಿಪಾಠ ಮಾಡಿಸುವುದು: ಉರಿದರೆ ಹೇಳಿ. ಸುರುಳಿ ಹೋಗಿರಲಿ ಬಿಟ್ಟಿರಲಿ, ಉರಿದ ತಕ್ಷಣ ತೊಳೆದುಬಿಡಬೇಕು. ಉರಿದಷ್ಟೂ ಕೆಲಸ ಮಾಡುತ್ತಿದೆ ಎಂದು ಹೆಂಗಸರು ಹಲ್ಲು ಕಚ್ಚಿಕೊಂಡು ಕೂರುತ್ತಾರೆ. ತಡೆದುಕೊಳ್ಳುವುದು ಅವರಿಗೆ ಅಷ್ಟು ರೂಢಿಯಾಗಿರುತ್ತದೆ. ನಾನು ಅವರ ಮುಖ ನೋಡುವುದಿಲ್ಲ, ಮುಖ ಸುಳ್ಳು ಹೇಳುತ್ತದೆ. ಕುರ್ಚಿಯ ಹಿಡಿಯ ಮೇಲಿರುವ ಬೆರಳು ನೋಡುತ್ತೇನೆ.

ಹೊಟ್ಟೆಯಲ್ಲಿ ಏನಾದರೂ ಸುದ್ದಿಯಿದ್ದರೆ ಆ ಡಬ್ಬಿಯ ಹತ್ತಿರವೂ ಸುಳಿಯಬೇಡ. ನಾಚಬೇಡ, ಅಕ್ಕನ ಹತ್ತಿರ ನಾಚಿಕೆ ಯಾಕೆ. ಸುದ್ದಿ ಇಲ್ಲದಿದ್ದರೂ ವರ್ಷಾನುಗಟ್ಟಲೆ ಹಚ್ಚಿಕೊಂಡವರಿಗೆ ಗರ್ಭಕೋಶದ ಕಾಯಿಲೆ ಹೆಚ್ಚು ಕಾಣಿಸಿಕೊಳ್ಳುತ್ತಿದೆ ಎಂದು ಕೆಲವು ಅಧ್ಯಯನಗಳಲ್ಲಿ ಬಂದಿದೆಯಂತೆ. ಇದರಿಂದಲೇ ಬರುತ್ತದೆ ಎಂದು ಇನ್ನೂ ಖಚಿತವಾಗಿ ಯಾರೂ ಹೇಳಿಲ್ಲ ಎಂದು ಚರ್ಮದ ಡಾಕ್ಟರಮ್ಮ ಹೇಳಿದರು. ಹೇಳಿದ್ದನ್ನು ಹೇಳಿದ್ದೇನೆ, ತಲೆ ನಿನ್ನದು.

ಚರ್ಮದ ಡಾಕ್ಟರಮ್ಮ ನನಗೆ ಎಲ್ಲಿ ಸಿಕ್ಕರು ಎಂದು ಕೇಳುತ್ತೀಯ. ಅಲ್ಲಿಗೇ ಬರುತ್ತಿದ್ದೇನೆ. ಮತ್ತೆ ಯಾರೋ ಬಾಗಿಲು ತಳ್ಳಿದರು. ನಾಳೆ ಮುಂದುವರಿಸುತ್ತೇನೆ.

ಮಾರ್ಚ್ ೧೦, ಮಂಗಳವಾರ

ಇವತ್ತು ಪಾರ್ಲರ್ ತೆಗೆದಿಲ್ಲ. ಬೋರ್ಡು ತಿರುಗಿಸಿಟ್ಟು ಒಳಗಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೆ ಲೆಕ್ಕ ನೋಡುತ್ತಿದ್ದೇನೆ ಎಂದಿದ್ದೇನೆ.

ಹೋದ ತಿಂಗಳು ಒಂದು ದಿನ ಅಮ್ಮ ಬಂದು, ಸುಮ್ಮನೆ ಕೇಳುವವಳಂತೆ, ನನ್ನ ತಲೆಗೂ ಒಂದು ಸಲ ಅದನ್ನು ಹಚ್ಚಿಬಿಡೇ ಎಂದಳು. ನಾನು ನಕ್ಕೆ. ಈ ವಯಸ್ಸಿನಲ್ಲಿ ಯಾರ ಕಣ್ಣು ಕುಕ್ಕಬೇಕಮ್ಮ ಎಂದೆ. ಅವಳು ನಗಲಿಲ್ಲ. ಮಾರನೆಯ ದಿನ ಮತ್ತೆ ಕೇಳಿದಳು. ಆಗ ಅವಳನ್ನು ಬೆಳಕಿಗೆ ಕೂರಿಸಿ ಕೂದಲು ಬಿಡಿಸಿ ತೋರಿಸಿದೆ. ನೆತ್ತಿಯಲ್ಲಿ ಕೂದಲು ವಿರಳವಾಗಿದೆ, ಕಿವಿಯ ಹಿಂದೆ ಒಣ ತುರಿಕೆಯಿದೆ, ಅವಳು ದಿನಾ ಬಾಚಣಿಗೆಯ ಹಲ್ಲಿನಿಂದ ಅದನ್ನು ಕೆರೆಯುತ್ತಾಳೆ. ಇಂಥ ತಲೆಗೆ ನಾನು ಹಚ್ಚುವುದಿಲ್ಲ, ಬೇರೆಯವರಾಗಿದ್ದರೂ ಹಚ್ಚುತ್ತಿರಲಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಆಯಿತು ಬಿಡು ಎಂದಳು. ಅಮ್ಮ ಆಯಿತು ಬಿಡು ಎಂದರೆ ಯಾವುದೂ ಆಗಿಲ್ಲ, ಯಾವುದನ್ನೂ ಬಿಟ್ಟಿಲ್ಲ ಎಂದರ್ಥ. ಅಪ್ಪ ಇದ್ದಾಗಿನಿಂದ ನಾವು ನೋಡಿಲ್ಲವೇ.

ಕಳೆದ ಗುರುವಾರ ನಾನು ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಬಣ್ಣ ಹಚ್ಚಲು ಹೋಗಿದ್ದೆ. ಅಮ್ಮ ಅದನ್ನೇ ಕಾಯುತ್ತಿದ್ದಳು. ಬೆಳಿಗ್ಗೆಯೇ ತಲೆ ತೊಳೆದುಕೊಂಡಿದ್ದಳು, ಗಸಗಸ ಉಜ್ಜಿ. ನನ್ನ ಗಿರಾಕಿಗಳ ಮರ್ಯಾದೆಯೇ ಅವಳದ್ದೂ. ಪಕ್ಕದ ಟೈಲರಮ್ಮನನ್ನು ಕರೆದಳು. ನಿನಗೆ ಅವರು ಗೊತ್ತಲ್ಲ, ಹೊಲಿಗೆ ಮಿಷನ್ ತುಳಿಯುತ್ತಲೇ ಇಡೀ ಬೀದಿಗೆ ಬುದ್ಧಿ ಹೇಳುವವರು. ಅಮ್ಮನಿಗೆ ಅವರೆಂದರೆ ಜೀವ. ಇಬ್ಬರೂ ಸೇರಿ ನನ್ನ ಕಪಾಟು ತೆಗೆದರು. ಮೂರು ಡಬ್ಬಿ ಇದ್ದವು, ಮೆತ್ತನೆಯದು, ನಡುವಿನದು, ಜೋರಿನದು. ಇಬ್ಬರಿಗೂ ಸಣ್ಣಕ್ಷರ ಕಾಣುವುದಿಲ್ಲ, ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಮಾತ್ರ ಓದಿದ್ದಾರೆ. ಟೈಲರಮ್ಮ ಅಮ್ಮನ ಗುಂಗುರನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ದಪ್ಪ ಬಟ್ಟೆಗೆ ದಪ್ಪ ಸೂಜಿಯೇ ಆಗಬೇಕು ಎಂದು ಜೋರಿನ ಡಬ್ಬಿ ತೆಗೆದರಂತೆ.

ಒಂದು ಮಾತು ಹೇಳಬೇಕು, ಅವರು ನನ್ನ ಕೆಲಸವನ್ನು ಗಮನಿಸಿ ನೋಡಿದ್ದಾರೆ. ಗ್ಲೌಸ್ ಹಾಕಿಕೊಂಡಿದ್ದಾರೆ. ಜೆಲ್ಲಿ ಬಳಿದಿದ್ದಾರೆ, ಹಣೆಗೆ ಮಾತ್ರ. ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಷ್ಟು ನೇರವಾಗಿ ಬೈತಲೆ ತೆಗೆದಿದ್ದಾರೆ. ಕಪಾಟಿನಲ್ಲಿದ್ದ ಶಾಂಪೂವನ್ನೂ ಎದುರಿಗೆ ಇಟ್ಟುಕೊಂಡಿದ್ದಾರೆ. ಬುಡಕ್ಕೆ ಮಾತ್ರ ಎಂಬುದು ಗೊತ್ತಿಲ್ಲದೆ ಬುಡದಿಂದ ತುದಿಯವರೆಗೂ ಹಚ್ಚಿ ತಿಕ್ಕಿದ್ದಾರೆ. ಅಮ್ಮನಿಗೆ ಮೊದಲ ಸಲವಾದ್ದರಿಂದ ಅದೇನೂ ದೊಡ್ಡ ತಪ್ಪಲ್ಲ. ತಿಕ್ಕಿದ್ದು ತಪ್ಪು.

ಉರಿಯುತ್ತಿದೆಯಾ ಎಂದು ಟೈಲರಮ್ಮ ಮತ್ತೆ ಮತ್ತೆ ಕೇಳಿದರಂತೆ. ಇಲ್ಲ ಎಂದಳಂತೆ. ಹೊತ್ತಾಯಿತು, ತೊಳೆಯೋಣ ಎಂದದ್ದಕ್ಕೆ ಕನ್ನಡಿ ನೋಡಿಕೊಂಡು, ಮುಂದೆ ಇನ್ನೂ ಸುರುಳಿ ಇದೆ, ಇರಲಿ ಎಂದಳಂತೆ. ಮತ್ತೂ ಒಮ್ಮೆ ಹಾಗೇ ಆಯಿತಂತೆ. ಬೆರಳು ನೋಡಬೇಕು ಎಂಬುದು ಪಾಪ ಟೈಲರಮ್ಮನಿಗೆ ಎಲ್ಲಿಂದ ತಿಳಿಯಬೇಕು. ಕೊನೆಗೆ ಅಮ್ಮನ ಕಣ್ಣಲ್ಲಿ ನೀರು ಇಳಿದಾಗ ಅವರೇ ಗಾಬರಿಯಾಗಿ ಎಳೆದುಕೊಂಡು ಹೋಗಿ ತೊಟ್ಟಿಗೆ ಬಗ್ಗಿಸಿ ಶಾಂಪೂ ಹಾಕಿದ್ದಾರೆ.

ಆಗ ನೊರೆ ಕೆಂಪಗೆ ಬಂದಿತು.

ನಾನು ಆ ಹೊತ್ತಿಗೆ ಒಂದು ಮಗುವಿಗೆ ಮರದ ವೇಷ ಹಾಕುತ್ತಿದ್ದೆ, ಹಸಿರು ಬಣ್ಣ ಅರ್ಧ ಕೆನ್ನೆಗೆ ಬಂದಿತ್ತು. ಫೋನಿನಲ್ಲಿ ಟೈಲರಮ್ಮ, "ಬೇಗ ಬಾರಮ್ಮ, ನಿಮ್ಮಮ್ಮನ ತಲೆಯಿಂದ ರಕ್ತ ನಿಲ್ತಾನೇ ಇಲ್ಲ, ನಾನು ಗಟ್ಟಿಯಾಗಿ ಒತ್ತಿ ಹಿಡ್ಕೊಂಡಿದೀನಿ" ಎಂದರು. ಮಗುವನ್ನು ಅರ್ಧ ಮರವಾಗಿಯೇ ಬಿಟ್ಟು ಆಟೋ ಹಿಡಿದೆ. ಬಿದ್ದಳು ಎಂದುಕೊಂಡೆ. ಏನೇನೋ ಅಂದುಕೊಂಡೆ, ಅದನ್ನೆಲ್ಲ ಬರೆಯುವುದಿಲ್ಲ.

ಬಂದು ನೋಡಿದರೆ ಅಮ್ಮ ನನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ತಲೆಗೆ ಟವೆಲ್ ಬಿಗಿಯಾಗಿ ಸುತ್ತಿ, ಟೈಲರಮ್ಮ ಎರಡು ಕೈಯಲ್ಲೂ ನೆತ್ತಿಯನ್ನು ಒತ್ತಿ ಹಿಡಿದು ಕುರ್ಚಿಯ ಹಿಂದೆ ನಿಂತಿದ್ದರು, ಅವರೂ ಬೆವೆತು ತೊಪ್ಪೆಯಾಗಿದ್ದರು. ಟವೆಲ್ ಗುಲಾಬಿಯಾಗಿತ್ತು. ಬಿಚ್ಚಿದೆ. ಅದು ರಕ್ತವಲ್ಲ ಪುಟ್ಟಿ. ಆ ಶಾಂಪೂ ಇರುವುದೇ ಹಾಗೆ. ತಲೆಯಲ್ಲಿ ಕ್ರೀಮು ಎಲ್ಲಿಯವರೆಗೆ ಉಳಿದಿರುತ್ತದೋ ಅಲ್ಲಿಯವರೆಗೆ ನೊರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಇನ್ನೂ ತೊಳೆ, ಇನ್ನೂ ತೊಳೆ ಎಂದು ಹೇಳುವುದಕ್ಕೆ. ಪೂರ್ತಿ ಹೋದ ಮೇಲೆ ಬೆಳ್ಳಗಾಗುತ್ತದೆ. ಇವರಿಬ್ಬರೂ ಬಣ್ಣ ನೋಡಿ ರಕ್ತ ಎಂದು ಹೆದರಿ, ತೊಳೆಯುವುದನ್ನು ನಿಲ್ಲಿಸಿ, ಕ್ರೀಮನ್ನು ಟವೆಲಿನೊಳಗೆ ಕಟ್ಟಿ, ನಾನು ಬರುವವರೆಗೂ ಒತ್ತಿ ಹಿಡಿದಿದ್ದರು. ಗಾಯದ ರಕ್ತ ನಿಲ್ಲಿಸುವ ರೀತಿ ಅದು, ಸರಿಯಾಗಿಯೇ ಮಾಡಿದ್ದರು. ಗಾಯ ಆದದ್ದೇ ಅದರಿಂದ.

ನಾನು ತೊಳೆದೆ. ತಣ್ಣೀರು ಬಿಟ್ಟು ತೊಳೆದೆ, ನೊರೆ ಬೆಳ್ಳಗಾದ ಮೇಲೂ ತೊಳೆದೆ. ಕೈಗೆ ಕೂದಲು ಬರುತ್ತಿತ್ತು. ಅಮ್ಮ ತೊಟ್ಟಿಯೊಳಗೆ ಮುಖವಿಟ್ಟುಕೊಂಡೇ, "ನೇರ ಆಯ್ತೇನೇ?" ಎಂದು ಕೇಳಿದಳು. ಆಯಿತಮ್ಮ ಎಂದೆ.

ಡಾಕ್ಟರಮ್ಮ ನನ್ನನ್ನು ಚೆನ್ನಾಗಿ ಜಾಡಿಸಿದರು. ಪಾರ್ಲರ್ ಇಟ್ಟುಕೊಂಡವರ ಮನೆಯಲ್ಲೇ ಹೀಗಾದರೆ ಹೇಗೆ ಎಂದರು. ಕಪಾಟಿಗೆ ಬೀಗ ಹಾಕಬೇಕಿತ್ತು ಎಂದರು. ನೆತ್ತಿಯ ಮೇಲೆ ಅಂಗೈಯಷ್ಟು ಜಾಗ ಬೆಂದಿದೆ, ಕಿವಿಯ ಹಿಂದೆ ಎರಡೂ ಕಡೆ ಹುಣ್ಣಾಗಿದೆ. ಸುತ್ತಲಿನ ಕೂದಲು ನಿಧಾನವಾಗಿ ಬರುತ್ತದೆ, ನಡು ನೆತ್ತಿಯಲ್ಲಿ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಮುಲಾಮು, ಮಾತ್ರೆ, ಮೆತ್ತನೆಯ ಹತ್ತಿಯ ಬಟ್ಟೆ. ಬಣ್ಣ, ಕ್ರೀಮು, ಯಾವುದೂ ತಾಗುವಂತಿಲ್ಲ.

ಟೈಲರಮ್ಮ ಅವತ್ತಿನಿಂದ ಅಂಗಡಿ ತೆಗೆದಿಲ್ಲ. ನಾನೇ ಹೋಗಿ ಬಾಗಿಲು ತಟ್ಟಿ, ನಿಮ್ಮ ಮೇಲೆ ಸಿಟ್ಟಿಲ್ಲ ಎಂದೆ. ಇದೆ, ಸ್ವಲ್ಪ. ಆದರೆ ಅವರಿಗಿಂತ ಹೆಚ್ಚು ಅಮ್ಮನ ಮೇಲಿದೆ, ಅಮ್ಮನಿಗಿಂತ ಹೆಚ್ಚು ಯಾರ ಮೇಲಿದೆ ಎಂದು ಯೋಚಿಸುತ್ತಾ ನೆಲ ಗುಡಿಸುತ್ತಿರುತ್ತೇನೆ.

ಮಾರ್ಚ್ ೧೧, ಬುಧವಾರ

ಇವತ್ತಾದರೂ ಮುಗಿಸಿ ಟಪಾಲಿಗೆ ಹಾಕಬೇಕು.

ಅಮ್ಮನ ನೋವು ಈಗ ಕಡಿಮೆ. ಜ್ವರ ಇಲ್ಲ, ಊಟ ಸೇರುತ್ತಿದೆ. ನೀನು ಗಾಬರಿಯಾಗಿ ರಜೆ ಹಾಕಿ ಓಡಿಬರಬೇಕಾದಷ್ಟು ಏನೂ ಇಲ್ಲ, ಮದುವೆಗೆ ಇನ್ನು ಇರುವುದೇ ಕೆಲವು ವಾರ. ಆದರೆ ಅವಳು ಪಾರ್ಲರಿನೊಳಗೆ ಕಾಲಿಡುತ್ತಿಲ್ಲ. ಒಳಗೆ ಮೂರು ಗೋಡೆಗೂ ಕನ್ನಡಿ, ಎಲ್ಲಿ ನೋಡಿದರೂ ತಾನೇ. ಮನೆಯೊಳಗೂ ಅಷ್ಟೇ. ಒಂದು ಕೆಲಸ ಹಿಡಿದು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಾಳೆ. ಗೇಟಿನವರೆಗೆ ಹೋಗುತ್ತಾಳೆ, ಯಾರಾದರೂ ಬೀದಿಯಲ್ಲಿ ಕಂಡರೆ ಒಳಗೆ ಬರುತ್ತಾಳೆ. ನೋಡಿ ನೋಡಿ ನನಗೂ ಅದೇ ರೋಗ ಅಂಟಿದೆ. ನಿನ್ನ ಭಾವ ನಮ್ಮಿಬ್ಬರನ್ನೂ ನೋಡಿ, ಇಬ್ಬರ ಕಾಲಿಗೂ ಚಕ್ರ ಕಟ್ಟಿದ್ದಾರಾ ಎಂದು ಕೇಳಿದರು. ಅವರಿಗೆ ತಮಾಷೆ.

ನಿನ್ನ ಮದುವೆಗೆಂದು ಹೊಲಿಸಿದ ಹೊಸ ರವಿಕೆ ಬಾಗಿಲ ಹಿಂದೆ ಹ್ಯಾಂಗರಿನಲ್ಲಿ ತೂಗುತ್ತಿದೆ. ಟೈಲರಮ್ಮ ಮೂರು ಸಲ ಬಿಚ್ಚಿ ಹೊಲಿದದ್ದು. ಅಮ್ಮ ಅದರ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಾಳೆ. ನಾನು ಹೇಳಿದೆ, ತಲೆಗೆ ಸೀರೆಯದೇ ಬಣ್ಣದ ಬಟ್ಟೆ ಚೆಂದವಾಗಿ ಕಟ್ಟುತ್ತೇನೆ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದು. ಗಾಯ ಮಾಗಿದ ಮೇಲೆ ಹಗುರವಾದ ವಿಗ್ ತರಿಸುತ್ತೇನೆ ಎಂದೂ ಹೇಳಿದೆ. ಅವಳು, "ಬೇಡ ಬಿಡೇ ದೊಡ್ಡವಳೇ. ಅವತ್ತು ಅವಳ ದಿನ. ಬಂದೋರೆಲ್ಲ ನನ್ನ ತಲೆ ನೋಡಿ, ಏನಾಯ್ತು ಅಂತ ಕೇಳ್ತಾ ನಿಂತ್ರೆ ಅವಳಿಗೆ ಹೇಗಾಗಬೇಡ" ಎಂದಳು. ಎಷ್ಟು ಕೇಳಿದರೂ ಅದೇ ಮಾತು. ಮಂಡಿ ನೋವು ಅಂತ ಬರಿ, ಅಷ್ಟೇ.

ಪುಟ್ಟಿ, ನೀನಿಲ್ಲದೆ ಅಮ್ಮ ಇರಬಲ್ಲಳು, ಇಷ್ಟು ವರ್ಷ ಇದ್ದಾಳೆ. ಆದರೆ ನಿನ್ನ ಮದುವೆಯ ದಿನ ಈ ಮನೆಯಲ್ಲಿ ಒಬ್ಬಳೇ ಗೇಟಿಗೂ ಬಾಗಿಲಿಗೂ ಓಡಾಡುತ್ತಾ ಇರುತ್ತಾಳಲ್ಲ, ಅದನ್ನು ನೆನೆದರೆ ನನಗೆ ತಡೆಯಲಾಗುವುದಿಲ್ಲ. ಆ ದಿನ ಕಳೆದುಹೋದರೆ ಮತ್ತೆ ಬರುವಂಥದ್ದಲ್ಲ. ಕೂದಲಾದರೂ ಬರಬಹುದು.

ನಿನ್ನ ಕೂದಲಿನ ವಿಷಯ ಇನ್ನೊಂದು ಮಾತು. ಮಾಡಿಕೊಳ್ಳಲೇ ಬೇಡ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಾನೇ ನನ್ನ ಅನ್ನಕ್ಕೆ ಕಲ್ಲು ಹಾಕಿಕೊಂಡಂತೆ. ಕೆಲಸದ ಜಾಗದಲ್ಲಿ ಕೂದಲು ಅಚ್ಚುಕಟ್ಟಾಗಿರಲಿ ಎಂದು ಮೇಲಿನವರು ನಯವಾಗಿ ಚುಚ್ಚುತ್ತಾರೆ, ದಿನಾ ಬೆಳಿಗ್ಗೆ ಸಿಕ್ಕು ಬಿಡಿಸಿ ಕೈ ಸೋಲುತ್ತದೆ, ಎಲ್ಲ ನನಗೆ ಗೊತ್ತು. ಬೇಕೆನಿಸಿದರೆ ಮದುವೆಯ ಗಲಾಟೆಯೆಲ್ಲ ಮುಗಿದು, ಆ ದ್ರಾಕ್ಷಿ ಬಣ್ಣ ಬೆಳೆದು ಕತ್ತರಿಸಿ ಹೋದ ಮೇಲೆ, ನನ್ನ ಕುರ್ಚಿಗೆ ಬಂದು ಕೂರು. ಎಳೆ ನೋಡಿ, ನೆತ್ತಿ ನೋಡಿ, ಆಗುತ್ತದೋ ಇಲ್ಲವೋ ಹೇಳುತ್ತೇನೆ. ಆಗುವುದಿಲ್ಲ ಎಂದರೆ ಕಾಲು ಹಿಡಿದರೂ ಮಾಡುವುದಿಲ್ಲ. ಈ ಮದುವೆಗೆ ಮಾತ್ರ ಆ ಡಬ್ಬಿ ತೆರೆಯಬೇಡ. ಹಿಂದಿನ ದಿನವೇ ಬಂದು ದೊಡ್ಡ ರೋಲರ್ ಸುತ್ತಿ, ಬಿಸಿಗಾಳಿ ಕೊಟ್ಟು, ನೀರು ಬೀಳುವವರೆಗೆ ನಿಲ್ಲುವ ಹಾಗೆ ನೇರ ಮಾಡಿಕೊಡುತ್ತೇನೆ. ತಲೆ ತೊಳೆದ ದಿನ ನಿನ್ನ ಗುಂಗುರು ನಿನಗೇ ವಾಪಸು. ನಿನ್ನ ಕೈ ಹಿಡಿಯುವ ಕನ್ನಡಕದಂಗಡಿಯವರಿಗೆ ಯಾವುದು ಇಷ್ಟವೆಂದು ಆಮೇಲೆ ನಿಧಾನವಾಗಿ ಕೇಳಿಕೋ. ಅವರು ಮೊದಲು ನೋಡಿ ಮೆಚ್ಚಿದ್ದು ಗುಂಗುರು ಕೂದಲಿನವಳನ್ನೇ ಎಂಬುದನ್ನು ಮರೆತಿದ್ದೀಯೇನೋ.

ಜೋರಿನ ಡಬ್ಬಿಯನ್ನು ಎಲ್ಲಿ ಬಿಸಾಡಲಿ ಎಂದು ತಿಳಿಯದೆ ಇನ್ನೂ ಇಟ್ಟುಕೊಂಡಿದ್ದೇನೆ. ಕಪಾಟಿಗೆ ಬೀಗ ಬಿದ್ದಿದೆ, ಕೀ ನನ್ನ ಸೊಂಟದಲ್ಲಿದೆ. ಡಾಕ್ಟರಮ್ಮ ಹೇಳಿದ್ದು ಸರಿಯೇ.

ನೀವಿಬ್ಬರೂ ಒಬ್ಬರ ಮಾತನ್ನು ಒಬ್ಬರು ಕೊನೆಯವರೆಗೆ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ನಿಮ್ಮ ಮನೆಯಲ್ಲಿ ಯಾವಾಗಲೂ ಇರಲಿ. ಜಗಳವಾಡಿದರೂ ಊಟ ಬಿಡಬೇಡಿ. ಅವರ ತಾಯಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ನನ್ನ ತುಂಬು ಮನಸ್ಸಿನ ಆಶೀರ್ವಾದ, ಬೈದದ್ದೆಲ್ಲವೂ ಅದರೊಳಗೇ ಸೇರಿದೆ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ. ಬರೆಯಬಾರದು ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಾಳೆ, ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಅವಳು ಯಾಕೆ ಹಚ್ಚಿಕೊಂಡಳು ಎಂದು ನೀನು ಕೇಳೇ ಕೇಳುತ್ತೀಯ. ಹೋದ ತಿಂಗಳು ನೀನು ಫೋನ್ ಮಾಡಿದಾಗ ನನ್ನ ಕೈತುಂಬ ಗಿರಾಕಿಯ ತಲೆಯಿತ್ತು, ಫೋನನ್ನು ಸ್ಪೀಕರಿಗೆ ಹಾಕಿ ಇಟ್ಟಿದ್ದೆ. ಮದುವೆಯ ದಿನ ಎರಡೂ ಮನೆಯವರು ಒಟ್ಟಿಗೆ ಫೋಟೋ ತೆಗೆಸುವ ಮಾತು ಬಂತು. ನೀನು ಅಂದೆ, "ಅಮ್ಮನ ತಲೆಗೆ ಏನಾದ್ರೂ ಮಾಡಕ್ಕಾ, ಅವರಮ್ಮನ ಪಕ್ಕ ನಿಂತ್ರೆ ಹುಚ್ಚಿ ಥರ ಕಾಣ್ತಾಳೆ." ನಗುತ್ತಾ ಅಂದೆ, ನಾನೂ ನಕ್ಕೆ. ಅಮ್ಮ ಪರದೆಯ ಆಚೆ ನಿಂತಿದ್ದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಇವತ್ತು ಬೆಳಿಗ್ಗೆ, ಮುಲಾಮು ಹಚ್ಚಿಸಿಕೊಳ್ಳುವಾಗ. ನಿನ್ನ ಮೇಲೆ ಬೇಸರದ ಒಂದು ಮಾತೂ ಆಡಲಿಲ್ಲ. ಬರುವುದೇ ಇಲ್ಲ ಎನ್ನುತ್ತಿದ್ದವಳು ಕೊನೆಗೆ ಕೇಳಿದ್ದು ಇಷ್ಟೇ: "ಫೋಟೋ ತೆಗೆಯೋ ಹೊತ್ತಲ್ಲಿ ನಾನು ಆಚೆ ಕೂತಿರ್ತೀನಿ. ಊಟಕ್ಕೆ ಮಾತ್ರ ಒಳಗೆ ಬರಬಹುದಾ, ಅವಳನ್ನ ಒಂದು ಮಾತು ಕೇಳ್ತೀಯಾ?"

ಕೇಳಿದ್ದೇನೆ ಪುಟ್ಟಿ. ಉತ್ತರವನ್ನು ನನಗೆ ಬರೆಯಬೇಡ, ಅವಳಿಗೇ ಹೇಳು.